ಸೇರದ ತರಕಾರಿ, ಸಿಗದ ಹೊತ್ತು: ಯುವಜನರ ಊಟದ ರೂಢಿ ತಿದ್ದುವ ಬಗೆ

ಬೆಂಗಳೂರು: ಎದ್ದೊಡನೆ ಖಾಲಿ ಹೊಟ್ಟೆಗೆ ಒಂದು ಲೋಟ ಕಾಫಿ. ಹನ್ನೊಂದರ ಸುಮಾರಿಗೆ ಕಚೇರಿಯ ಬಳಿಯ ಬೇಕರಿಯಲ್ಲಿ ಚಹಾ, ಜತೆಗೊಂದು ಪಫ್. ಮಧ್ಯಾಹ್ನ ಅನ್ನ ಮತ್ತು ತಿಳಿಸಾರು. ಬಡಿಸಿದ ಪಲ್ಯ ತಟ್ಟೆಯ ಅಂಚಿನಲ್ಲಿಯೇ ಉಳಿಯುತ್ತದೆ. ಸಂಜೆಗೆ ಗೋಬಿ ಮಂಚೂರಿ. ರಾತ್ರಿ ಹತ್ತೂವರೆಗೆ ಮೊಬೈಲ್ ಮೂಲಕ ತರಿಸಿಕೊಂಡ ಫ್ರೈಡ್ ರೈಸ್. ದಾವಣಗೆರೆ, ಹಾಸನ, ಕಲಬುರಗಿ, ಶಿರಸಿ ಮುಂತಾದ ಕಡೆಗಳಿಂದ ಉದ್ಯೋಗ ಅರಸಿ ರಾಜಧಾನಿಗೆ ಬಂದು ಪಿ.ಜಿ.ಗಳಲ್ಲಿ ನೆಲೆಸಿರುವ ಅನೇಕ ಯುವಕ ಯುವತಿಯರ ದಿನಚರಿ ಇದಕ್ಕಿಂತ ಹೆಚ್ಚು ಭಿನ್ನವಾಗಿಲ್ಲ.

ಇವರಾರೂ ಹಸಿದು ಮಲಗುವವರಲ್ಲ. ಹೊಟ್ಟೆ ತುಂಬುತ್ತದೆ, ಎಷ್ಟೋ ಮಂದಿಯ ತೂಕವೂ ಏರುತ್ತದೆ. ಆದರೆ ದೇಹಕ್ಕೆ ಬೇಕಾದದ್ದು ಸಿಗುತ್ತಿರುವುದಿಲ್ಲ. ಇದಕ್ಕೆ ಎಲ್ಲರೂ ನೀಡುವ ಉಪದೇಶವೆಂದರೆ ‘ಹಣ್ಣು, ತರಕಾರಿ ತಿನ್ನಿ, ಅಡುಗೆ ನೀವೇ ಮಾಡಿಕೊಳ್ಳಿ’ ಎಂಬುದು. ಹೊತ್ತೂ ಇಲ್ಲದ, ಒಲೆಯೂ ಇಲ್ಲದ, ಮೇಲಾಗಿ ಹತ್ತು ತರಕಾರಿಗಳಲ್ಲಿ ಎಂಟು ಸೇರದ ವ್ಯಕ್ತಿಗೆ ಈ ಮಾತಿನಿಂದ ಕಿಂಚಿತ್ತೂ ಪ್ರಯೋಜನವಿಲ್ಲ. ಅಂಥವರು ಸೇರದ ಪದಾರ್ಥಗಳೊಡನೆ ಸೆಣಸುವ ಬದಲು ಈಗಾಗಲೇ ಸೇರುವ ಪದಾರ್ಥಗಳಿಂದ ಆರಂಭಿಸುವುದೇ ಕಾರ್ಯಸಾಧ್ಯವಾದ ಮಾರ್ಗ.

ತುಂಬಿದ ಹೊಟ್ಟೆಯ ಕೊರತೆ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಗೆ ಸೇರಿದ ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆಯು 2024ರ ಮೇ ತಿಂಗಳಲ್ಲಿ ಭಾರತೀಯರ ಆಹಾರಕ್ರಮ ಕುರಿತು 17 ಮಾರ್ಗಸೂಚಿಗಳನ್ನು ಪ್ರಕಟಿಸಿತು. ದಿನಕ್ಕೆ 2,000 ಕಿಲೋ ಕ್ಯಾಲೊರಿ ಬೇಕಾಗುವವರ ತಟ್ಟೆಯಲ್ಲಿ ಏನೇನಿರಬೇಕೆಂಬ ಲೆಕ್ಕವೂ ಅದರಲ್ಲಿದೆ. ಅಕ್ಕಿ, ರಾಗಿ, ಗೋಧಿ ಇತ್ಯಾದಿ ಧಾನ್ಯ 250 ಗ್ರಾಂ, ಬೇಳೆಕಾಳು 85 ಗ್ರಾಂ, ತರಕಾರಿ ಮತ್ತು ಸೊಪ್ಪು 400 ಗ್ರಾಂ, ಹಣ್ಣು 100 ಗ್ರಾಂ, ಹಾಲು ಅಥವಾ ಮೊಸರು 300 ಮಿ.ಲೀ., ಕಡಲೆಕಾಯಿಯಂಥ ಬೀಜಗಳು 35 ಗ್ರಾಂ. ಇವೆಲ್ಲವೂ ಬೇಯಿಸುವ ಮುನ್ನಿನ ತೂಕ.

ಈ ಲೆಕ್ಕದ ಪ್ರಕಾರ ಧಾನ್ಯಗಳಿಂದ ದೊರೆಯುವ ಶಕ್ತಿ ಶೇ 45ನ್ನು ಮೀರಬಾರದು. ವಾಸ್ತವದಲ್ಲಿ ಭಾರತೀಯರು ಶೇ 50ರಿಂದ 70ರಷ್ಟನ್ನು ಧಾನ್ಯದಿಂದಲೇ ಪಡೆಯುತ್ತಿದ್ದಾರೆ ಎಂದು ಅದೇ ಮಾರ್ಗಸೂಚಿ ಹೇಳುತ್ತದೆ. ಬೆಳಗ್ಗೆ ರೈಸ್ ಬಾತ್, ಮಧ್ಯಾಹ್ನ ಅನ್ನ, ರಾತ್ರಿ ಫ್ರೈಡ್ ರೈಸ್ ಎಂದರೆ ಹೆಸರು ಮೂರಾದರೂ ಪದಾರ್ಥ ಒಂದೇ. ಬೇಕರಿಯ ಮೈದಾ ಅದಕ್ಕೆ ಸೇರ್ಪಡೆ.

ಪರಿಣಾಮ ಅಂಕಿ ಅಂಶಗಳಲ್ಲಿ ಕಾಣುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದೊಳಗಿನ ಮಹಿಳೆಯರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆಯಿದೆ; ಪುರುಷರಲ್ಲಿ ಈ ಪ್ರಮಾಣ ಶೇ 25. ಮಧುಮೇಹ ಕುರಿತು ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವು ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ ಎಂದು ಅಂದಾಜಿಸಿತು.

ಯುವಜನರ ಮಟ್ಟಿಗೆ ಹೆಚ್ಚು ಮೋಸ ಮಾಡುವುದು ಬಿ-12 ಜೀವಸತ್ವದ ಕೊರತೆ. ಸಾಮಾನ್ಯ ಸಸ್ಯಾಹಾರ ಪದಾರ್ಥಗಳಲ್ಲಿ ಇದು ಇರುವುದಿಲ್ಲ. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸಗಳೇ ಇದರ ಮೂಲ. ಮಾಂಸ ಮುಟ್ಟದ, ಮೊಟ್ಟೆ ಒಲ್ಲದ, ಹಾಲಿನ ವಾಸನೆಯೂ ಸೇರದ ವ್ಯಕ್ತಿಗೆ ದಾರಿಗಳೆಲ್ಲ ಮುಚ್ಚಿದಂತೆ. ಆದರೂ ಆತನಿಗೆ ಕೂಡಲೇ ಏನೂ ತಿಳಿಯುವುದಿಲ್ಲ. ಏಕೆಂದರೆ ಯಕೃತ್ತಿನಲ್ಲಿ ಕೆಲವು ವರ್ಷಗಳಿಗಾಗುವಷ್ಟು ಬಿ-12 ದಾಸ್ತಾನು ಇರುತ್ತದೆ. ಹೀಗಾಗಿ ಇಪ್ಪತ್ತೆರಡರಲ್ಲಿ ಹಿಡಿದ ರೂಢಿಯ ಫಲ ಇಪ್ಪತ್ತಾರು, ಇಪ್ಪತ್ತೇಳರಲ್ಲಿ ಕೈಕಾಲು ಜುಮ್ಮೆನ್ನುವುದು, ನಾಲಗೆ ಉರಿ, ಬಿಡದ ಆಯಾಸದ ರೂಪದಲ್ಲಿ ಗೋಚರಿಸಬಹುದು. ಅದನ್ನು ‘ಕೆಲಸದ ಒತ್ತಡ’ ಎಂದುಕೊಂಡು ಇನ್ನೊಂದು ಕಪ್ ಕಾಫಿ ಕುಡಿಯುವವರೇ ಹೆಚ್ಚು.

ನಾಲಗೆಯ ತಕರಾರಿಗೆ ಕಾರಣವೇನು?

ಊಟದಲ್ಲಿ ತಕರಾರು ತೆಗೆಯುವವರನ್ನು ಹಟಮಾರಿಗಳೆಂದೋ, ಮುದ್ದು ಮಾಡಿ ಕೆಡಿಸಿದ ಮಕ್ಕಳೆಂದೋ ಜರೆಯುವುದು ನಮ್ಮಲ್ಲಿ ವಾಡಿಕೆ. ಇದು ಅರ್ಧ ಸತ್ಯ ಮಾತ್ರ. 1931ರಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿಯ ರಸಾಯನಶಾಸ್ತ್ರಜ್ಞ ಆರ್ಥರ್ ಫಾಕ್ಸ್ ಪ್ರಯೋಗಾಲಯದಲ್ಲಿ ಪಿ.ಟಿ.ಸಿ. ಎಂಬ ಪುಡಿಯೊಂದನ್ನು ಸುರಿಯುತ್ತಿದ್ದಾಗ ಅದರ ಕಣಗಳು ಗಾಳಿಯಲ್ಲಿ ಹಾರಿದವು. ಬಾಯೆಲ್ಲ ಕಹಿಯಾಯಿತೆಂದು ಜತೆಗಾರ ದೂರಿದ. ಫಾಕ್ಸ್‌ಗೆ ಕಹಿಯ ಸುಳಿವೇ ಇರಲಿಲ್ಲ. ಈ ವ್ಯತ್ಯಾಸ ವಂಶವಾಹಿಯಿಂದ ಬರುವಂಥದ್ದೆಂದು ಬಳಿಕ ತಿಳಿದುಬಂತು. ಅದಕ್ಕೆ ಕಾರಣವಾದ ವಂಶವಾಹಿ ಯಾವುದೆಂಬುದು 2003ರಲ್ಲಿ ಖಚಿತವಾಯಿತು. ಎಲೆಕೋಸು, ನವಿಲುಕೋಸು, ಸಾಸಿವೆಯ ಜಾತಿಯ ತರಕಾರಿಗಳಲ್ಲಿ ಈ ಪುಡಿಯನ್ನು ಹೋಲುವ ಸಂಯುಕ್ತಗಳಿರುತ್ತವೆ. ಒಂದೇ ಪಂಕ್ತಿಯಲ್ಲಿ ಕುಳಿತ ಇಬ್ಬರಿಗೆ ಒಂದೇ ಪಲ್ಯ ಬೇರೆ ಬೇರೆ ರುಚಿ ನೀಡಬಲ್ಲದು.

ರುಚಿಗಿಂತಲೂ ಹೆಚ್ಚು ಅಡ್ಡಿಯಾಗುವುದು ಪದಾರ್ಥದ ಹದ. ಬೆಂಡೆಕಾಯಿಯ ಲೋಳೆ, ಬೆಂದ ಬದನೆಯ ಮೆತ್ತನೆಯ ತಿರುಳು, ಸೊಪ್ಪಿನ ನಾರು, ಸಾರಿನಲ್ಲಿ ಸಿಗುವ ಟೊಮೆಟೊ ಸಿಪ್ಪೆ ಇವು ಅನೇಕರಿಗೆ ಹೇಸಿಗೆ ತರಿಸುತ್ತವೆ. ಗೋಬಿ ಮಂಚೂರಿಯನ್ನು ಚಪ್ಪರಿಸುವ ವ್ಯಕ್ತಿ ‘ನನಗೆ ಹೂಕೋಸು ಸೇರದು’ ಎಂದರೆ ನಗು ಬರಬಹುದು. ಆದರೆ ಆತನ ಮಾತು ಸುಳ್ಳಲ್ಲ. ಅವನಿಗೆ ಸೇರದಿರುವುದು ನೀರು ನೀರಾಗಿ ಬೆಂದ ಹೂಕೋಸು. ಈ ಭೇದವನ್ನು ಅರಿತರೆ ಪರಿಹಾರದ ಅರ್ಧ ದಾರಿ ಸವೆದಂತೆ.

ಒಗ್ಗಿಸಿಕೊಳ್ಳುವ ಸಾಮರ್ಥ್ಯವೂ ನಾಲಗೆಗಿದೆ. ಹೊಸ ತಿನಿಸನ್ನು ಮಕ್ಕಳು ಒಪ್ಪಿಕೊಳ್ಳಲು 8ರಿಂದ 15 ಬಾರಿ ರುಚಿ ನೋಡಬೇಕಾಗುತ್ತದೆ ಎಂಬುದು ಪೋಷಣಾ ವಿಜ್ಞಾನದಲ್ಲಿ ಸುಪರಿಚಿತ ಸಂಗತಿ. ವಯಸ್ಕರಲ್ಲಿಯೂ ಪದೇ ಪದೇ ಸವಿದ ರುಚಿ ಕ್ರಮೇಣ ಪರಿಚಿತವಾಗುತ್ತದೆ. ಮೊದಲ ಬಿಯರ್ ಅಥವಾ ಮೊದಲ ಸಕ್ಕರೆರಹಿತ ಕಾಫಿ ಯಾರಿಗೂ ಹಿಡಿಸಿರುವುದಿಲ್ಲ ಎಂಬುದು ಇದಕ್ಕೆ ಸಾಕ್ಷಿ. ಷರತ್ತು ಇಷ್ಟೇ: ಪ್ರಮಾಣ ಒಂದೆರಡು ತುತ್ತಿಗಿಂತ ಹೆಚ್ಚಿರಬಾರದು, ಒತ್ತಾಯವಿರಬಾರದು, ಹಸಿವಿರಬೇಕು.

ಸೇರುವುದರಿಂದಲೇ ಆರಂಭ

ಮೊದಲು ಮಾಡಬೇಕಾದುದು ಒಂದು ಹಾಳೆಯ ಮೇಲೆ ತಕರಾರಿಲ್ಲದೆ ತಿನ್ನುವ ಪದಾರ್ಥಗಳ ಪಟ್ಟಿ. ಎಷ್ಟೇ ಆಯ್ದು ತಿನ್ನುವವರಿಗೂ ಹನ್ನೆರಡು, ಹದಿನೈದು ಹೆಸರುಗಳು ಸಿಗುತ್ತವೆ. ಚಿತ್ರಾನ್ನ, ದೋಸೆ, ಮೊಸರನ್ನ, ಆಲೂಗಡ್ಡೆ, ಮೊಟ್ಟೆ, ಚಪಾತಿ, ನೂಡಲ್ಸ್, ಬಾಳೆಹಣ್ಣು, ಕಡಲೆಕಾಯಿ ಎಂದು ಇಟ್ಟುಕೊಳ್ಳೋಣ. ಈ ಪಟ್ಟಿಯಲ್ಲಿಯೇ ಒಳ್ಳೆಯ ಆಹಾರ ಅಡಗಿದೆ. ಪ್ರತಿಯೊಂದಕ್ಕೂ ನೆರೆಹೊರೆಯ ಪದಾರ್ಥವೊಂದನ್ನು ಸೇರಿಸುತ್ತ ಹೋಗುವುದೇ ಮುಂದಿನ ಕೆಲಸ.

ಚಿತ್ರಾನ್ನದಲ್ಲಿ ಕಡಲೆಕಾಯಿ ಬೀಜವನ್ನು ಎರಡರಷ್ಟು ಹಾಕಿ, ಒಂದು ಹಿಡಿ ಕ್ಯಾರೆಟ್ ತುರಿ ಬೆರೆಸಿದರೆ ಅದರ ಸ್ವರೂಪವೇನೂ ಕೆಡುವುದಿಲ್ಲ. ಅವರೆಕಾಳಿನ ಕಾಲದಲ್ಲಿ ಅದನ್ನೂ ಸೇರಿಸಬಹುದು. ದೋಸೆ ಹಿಟ್ಟಿಗೆ ರುಬ್ಬಿದ ಪಾಲಕ್, ಮೊಸರನ್ನಕ್ಕೆ ಸೌತೆಕಾಯಿ ಮತ್ತು ದಾಳಿಂಬೆ, ಚಪಾತಿ ಹಿಟ್ಟಿಗೆ ಮೆಂತ್ಯ ಸೊಪ್ಪು. ನೂಡಲ್ಸ್ ಬಿಡಲಾಗದವರು ಅದಕ್ಕೊಂದು ಮೊಟ್ಟೆ ಒಡೆದು ಹಾಕಿ, ಒಂದು ಹಿಡಿ ಬಟಾಣಿ ಬೆರೆಸಿ, ಮಸಾಲೆಯ ಪೊಟ್ಟಣವನ್ನು ಅರ್ಧ ಮಾತ್ರ ಬಳಸುವುದು ಲೇಸು. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆನ್ನುತ್ತದೆ. ಅದರಲ್ಲಿ ಗಣನೀಯ ಪಾಲು ಆ ಪೊಟ್ಟಣದಲ್ಲಿಯೇ ಮುಗಿದುಹೋಗುತ್ತದೆ.

ಹದದ ತೊಂದರೆಯಿದ್ದವರಿಗೆ ಕನ್ನಡ ನಾಡಿನ ಅಡುಗೆಯಲ್ಲಿ ಉತ್ತರಗಳ ಭಂಡಾರವೇ ಇದೆ. ಸೊಪ್ಪಿನ ನಾರು ಬಾಯಿಗೆ ಸಿಗಬಾರದೆಂದರೆ ಮಸ್ಸೊಪ್ಪು ಇದೆ. ಬೇಳೆಯೊಡನೆ ಬೆಂದು, ಮಸೆದು ಏಕವಾಗಿರುತ್ತದೆ. ಬಸ್ಸಾರು ಇನ್ನೂ ಉಪಾಯದ ಅಡುಗೆ. ಸೊಪ್ಪು, ಕಾಳು ಬೆಂದ ಕಟ್ಟಿನಿಂದ ಸಾರಾಗುತ್ತದೆ. ಪಲ್ಯ ಬೇಡವೆನ್ನುವವರಿಗೂ ಸೊಪ್ಪಿನ ಒಂದಿಷ್ಟು ಸಾರ ದಕ್ಕುತ್ತದೆ. ಮಲೆನಾಡಿನ ತಂಬುಳಿಯಲ್ಲಿ ಒಂದೆಲಗದಂಥ ಎಲೆಗಳು ಮಜ್ಜಿಗೆಯಲ್ಲಿ ನುಣ್ಣಗೆ ಕರಗಿರುತ್ತವೆ. ಬೆಂಡೆಕಾಯಿಯನ್ನು ತೊಳೆದು, ಒರೆಸಿ, ಒಣಗಿದ ಮೇಲೆ ಹೆಚ್ಚಿ, ಮುಚ್ಚಳ ಮುಚ್ಚದೆ ಹುರಿದರೆ ಲೋಳೆ ಬಹುತೇಕ ಇಲ್ಲವಾಗುತ್ತದೆ. ಕೊಂಚ ಹುಣಸೆ ರಸ ಅಥವಾ ಮೊಸರು ಉಳಿದುದನ್ನೂ ತೆಗೆಯುತ್ತದೆ. ಹಾಗಲಕಾಯಿಯ ಕಹಿಗೆ ಹುಣಸೆ, ಬೆಲ್ಲದ ಗೊಜ್ಜು ಹಳೆಯ ಮದ್ದು. ಉಪ್ಪು ನಾಲಗೆಯಲ್ಲಿ ಕಹಿಯನ್ನು ಹತ್ತಿಕ್ಕುತ್ತದೆಂಬುದನ್ನು ವಿಜ್ಞಾನ ಈಗ ವಿವರಿಸಿದೆ, ಅಡುಗೆಯವರಿಗೆ ಅದು ಮೊದಲೇ ಗೊತ್ತಿತ್ತು. ಬೆಂದ ತರಕಾರಿಯೇ ಆಗದವರು ಉತ್ತರ ಕರ್ನಾಟಕದ ಊಟವನ್ನು ನೆನೆಯಬಹುದು. ಜೋಳದ ರೊಟ್ಟಿಯ ಮಗ್ಗುಲಲ್ಲಿ ಹಸಿ ಮೆಂತ್ಯ, ಸೌತೆ, ಈರುಳ್ಳಿ, ಶೇಂಗಾ ಚಟ್ನಿ ಇರುತ್ತವೆ. ಬೇಯಿಸಿದ್ದು ಕಾಳಿನ ಪಲ್ಯವೊಂದೇ.

ವಾರಕ್ಕೆ ಒಂದು ಹೊಸ ಪದಾರ್ಥ ಸಾಕು. ಅದೂ ಪಟ್ಟಿಯಲ್ಲಿರುವ ತಿನಿಸಿನ ಜತೆ, ಎರಡು ತುತ್ತು. ಒಂದೇ ವಾರದಲ್ಲಿ ಎಲ್ಲವನ್ನೂ ಬದಲಿಸಲು ಹೊರಟವರು ಎರಡನೆಯ ಸೋಮವಾರ ಬೇಕರಿಯಲ್ಲಿರುತ್ತಾರೆ.

ಒಲೆಯಿಲ್ಲದ ಕೊಠಡಿಯಲ್ಲಿ

ಬಹಳಷ್ಟು ಪಿ.ಜಿ.ಗಳಲ್ಲಿ ಇಂಡಕ್ಷನ್ ಒಲೆಗೆ ಅನುಮತಿಯಿಲ್ಲ. ಇರುವುದು ಹೆಚ್ಚೆಂದರೆ ವಿದ್ಯುತ್ ಕೆಟಲ್. ಅಲ್ಲಿನ ‘ಮೂರು ಹೊತ್ತಿನ ಊಟ’ದಲ್ಲಿ ತರಕಾರಿಯೆಂದರೆ ಆಲೂಗಡ್ಡೆಯೆಂಬುದು ಬಹುತೇಕ ಅಲಿಖಿತ ನಿಯಮ. ಈ ಪರಿಸ್ಥಿತಿಯಲ್ಲಿ ಬೆಳಗಿನ ಉಪಾಹಾರವನ್ನಾದರೂ ಸ್ವಾಧೀನಕ್ಕೆ ತೆಗೆದುಕೊಳ್ಳಲು ಸಾಧ್ಯವಿದೆ.

ರಾಗಿ ಹುರಿಹಿಟ್ಟು ಇದಕ್ಕೆ ಹೇಳಿ ಮಾಡಿಸಿದಂತಿದೆ. ರಾಗಿಯನ್ನು ಅರಳಿಸಿ ಬೀಸಿದ ಈ ಹಿಟ್ಟನ್ನು ಬೇಯಿಸಬೇಕಿಲ್ಲ. ಹಾಲು, ಬೆಲ್ಲದೊಡನೆ ಕಲಸಿದರೆ ಸಿಹಿ. ಮಜ್ಜಿಗೆ, ಉಪ್ಪಿನೊಡನೆ ಖಾರದ ಊಟ. ಎರಡೇ ನಿಮಿಷದ ಕೆಲಸ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೆ, ಅಷ್ಟೇ ಪಾಲಿಶ್ ಅಕ್ಕಿಯಲ್ಲಿ ಇರುವುದು 10ರ ಆಸುಪಾಸು. ಹಾಲು ಒಲ್ಲದವರಿಗೆ ಇದು ವಿಶೇಷವಾಗಿ ಮುಖ್ಯ. ತೆಳು ಅವಲಕ್ಕಿಗೆ ಮೊಸರು ಹಾಕಿ ಐದು ನಿಮಿಷ ಬಿಟ್ಟರೆ ಇನ್ನೊಂದು ಉಪಾಹಾರ. ಹೆಸರುಬೇಳೆಯನ್ನು ಸ್ನಾನಕ್ಕೂ ಮುನ್ನ ನೆನೆಹಾಕಿದರೆ ಹೊರಡುವ ಹೊತ್ತಿಗೆ ಕೋಸಂಬರಿಗೆ ಸಿದ್ಧ. ಸೌತೆಕಾಯಿ ಹೆಚ್ಚಿ, ನಿಂಬೆ ಹಿಂಡಿದರಾಯಿತು.

ಪ್ರೋಟೀನ್ ಬಗ್ಗೆ ಯುವಕರಲ್ಲಿ ಕಾಳಜಿ ಹೆಚ್ಚು, ಲೆಕ್ಕ ಕಡಿಮೆ. ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ಆರೋಗ್ಯವಂತ ವಯಸ್ಕರಿಗೆ ದೇಹತೂಕದ ಪ್ರತಿ ಕಿಲೋಗೆ 0.83 ಗ್ರಾಂ ಸಾಕು. ಅಂದರೆ 65 ಕಿಲೋ ತೂಕದ ಯುವಕನಿಗೆ 54 ಗ್ರಾಂ, 55 ಕಿಲೋ ತೂಕದ ಯುವತಿಗೆ 46 ಗ್ರಾಂ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, 30 ಗ್ರಾಂ ಕಡಲೆಕಾಯಿ ಬೀಜದಲ್ಲಿ 7 ಗ್ರಾಂ, ಒಂದು ಲೋಟ ಹಾಲಿನಲ್ಲಿ 6 ಗ್ರಾಂ ದೊರೆಯುತ್ತದೆ. ಮೇಜಿನ ಡ್ರಾಯರಿನಲ್ಲಿ ಒಂದು ಡಬ್ಬಿ ಹುರಿಗಡಲೆ ಇಟ್ಟುಕೊಂಡವರಿಗೆ ಸಾವಿರಾರು ರೂಪಾಯಿಯ ಪುಡಿ ಡಬ್ಬಿ ಬೇಕಾಗುವುದಿಲ್ಲ. ಸ್ನಾಯು ಬೆಳೆಸಲೆಂದು ಪ್ರೋಟೀನ್ ಪುಡಿ ಸೇವಿಸುವುದು ಬೇಡವೆಂದು 2024ರ ಮಾರ್ಗಸೂಚಿಯೂ ಸ್ಪಷ್ಟವಾಗಿ ಹೇಳಿದೆ.

ಊರಿನಿಂದ ಬರುವ ಪಾರ್ಸೆಲ್ ಇಲ್ಲಿ ಬಹಳ ಕೆಲಸ ಮಾಡಬಲ್ಲದು. ಹುರಿಹಿಟ್ಟು, ಶೇಂಗಾ ಅಥವಾ ಅಗಸೆ ಚಟ್ನಿಪುಡಿ, ಹುರಿದ ಕಾಳು ವಾರಗಟ್ಟಲೆ ಕೆಡುವುದಿಲ್ಲ. ತಾಯಂದಿರು ಪ್ರತಿ ರಾತ್ರಿ ದೂರವಾಣಿಯಲ್ಲಿ ಕೇಳುವ ‘ಊಟ ಆಯ್ತಾ?’ ಎಂಬ ಪ್ರಶ್ನೆಗೆ ‘ಆಯ್ತಮ್ಮ’ ಎಂಬ ಉತ್ತರ ಸದಾ ಸಿದ್ಧವಿರುತ್ತದೆ. ‘ಏನು ತಿಂದೆ?’ ಎಂದು ಕೇಳಿದರೆ ಮಾತ್ರ ನಿಜ ತಿಳಿದೀತು.

ಕಾಫಿ, ಚಹಾ ಮತ್ತು ನಿಂಬೆಹಣ್ಣು

ಕಬ್ಬಿಣಾಂಶದ ವಿಷಯದಲ್ಲಿ ಏನು ತಿಂದರು ಎಂಬುದರಷ್ಟೇ ಯಾವುದರೊಡನೆ ತಿಂದರು ಎಂಬುದೂ ಮುಖ್ಯ. ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣವನ್ನು ದೇಹ ಸುಲಭವಾಗಿ ಹೀರಿಕೊಳ್ಳುವುದಿಲ್ಲ. ‘ಸಿ’ ಜೀವಸತ್ವ ಜತೆಗಿದ್ದರೆ ಹೀರಿಕೆ ಹೆಚ್ಚುತ್ತದೆ, ಚಹಾ ಕಾಫಿಗಳಲ್ಲಿನ ಟ್ಯಾನಿನ್ ಇದ್ದರೆ ಕುಗ್ಗುತ್ತದೆ. ಆದ್ದರಿಂದ ಊಟದ ತಟ್ಟೆಗೆ ನಿಂಬೆ, ಸೀಬೆ ಅಥವಾ ನೆಲ್ಲಿಕಾಯಿ ಸೇರಿಸಬೇಕು. ಊಟಕ್ಕೆ ಒಂದು ತಾಸು ಹಿಂದೆ, ಒಂದು ತಾಸು ಮುಂದೆ ಚಹಾ ಕಾಫಿ ಬಿಡಬೇಕು. ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣ ಬೇಕಾಗುವ ಯುವತಿಯರಿಗೆ ಇದು ಖರ್ಚಿಲ್ಲದ ಉಪಾಯ. ಕೆಫೀನ್ ದಿನಕ್ಕೆ 300 ಮಿಲಿಗ್ರಾಂ ಮೀರಬಾರದೆಂಬ ಮಿತಿಯೂ ಇದೆ. ಒಂದು ಕಪ್ ಫಿಲ್ಟರ್ ಕಾಫಿಯಲ್ಲಿ 80ರಿಂದ 120 ಮಿಲಿಗ್ರಾಂ ಇರುವುದರಿಂದ ಮೂರನೆಯ ಕಪ್‌ಗೆ ಎಚ್ಚರಿಕೆ ಅಗತ್ಯ.

ಹೊರಗೆ ತಿನ್ನುವುದು ಅನಿವಾರ್ಯವಾದಾಗ

ದರ್ಶಿನಿಗಳನ್ನು ಶತ್ರುವೆಂದು ಬಗೆಯಬೇಕಿಲ್ಲ. ಉದ್ದು, ಅಕ್ಕಿ ಹುದುಗಿದ ಇಡ್ಲಿ, ಬೇಳೆಯ ಸಾಂಬಾರು ಸೇರಿದರೆ ಪಫ್‌ಗಿಂತ ಎಷ್ಟೋ ಮೇಲು. ಇನ್ನೊಂದು ಬಟ್ಟಲು ಸಾಂಬಾರು ಕೇಳಲು ಸಂಕೋಚಪಡಬಾರದು. 2017ರ ಆಗಸ್ಟ್‌ನಲ್ಲಿ ಉಪಾಹಾರಕ್ಕೆ 5, ಊಟಕ್ಕೆ 10 ರೂಪಾಯಿ ದರದಲ್ಲಿ ಆರಂಭವಾದ ಇಂದಿರಾ ಕ್ಯಾಂಟೀನ್‌ಗಳು ಮೊದಲ ಕೆಲಸದ ಅಲ್ಪ ಸಂಬಳದಲ್ಲಿರುವವರಿಗೂ ಅನುಕೂಲ. ಗೋಬಿ ಮಂಚೂರಿಯ ಕೆಂಪಿನ ಬಗ್ಗೆ ಮಾತ್ರ ಎಚ್ಚರ ಬೇಕು. ಅದರಲ್ಲಿ ಕೃತಕ ಬಣ್ಣ ಬಳಸುವುದನ್ನು ರಾಜ್ಯ ಸರ್ಕಾರ 2024ರ ಮಾರ್ಚ್‌ನಲ್ಲಿ ನಿಷೇಧಿಸಿತು. ಬಣ್ಣ ಕಣ್ಣು ಕುಕ್ಕುವಂತಿದ್ದರೆ ಆ ಗಾಡಿಯನ್ನು ದಾಟಿ ಮುಂದೆ ಹೋಗುವುದು ಕ್ಷೇಮ.

ಮೊಬೈಲ್‌ನಲ್ಲಿ ಊಟ ತರಿಸುವವರ ತೊಡಕು ಬೇರೆ. ಹಸಿವು ನೆತ್ತಿಗೇರಿದಾಗ ಆ್ಯಪ್ ತೆರೆದವರು ಎಂದಿಗೂ ಕೋಸಂಬರಿ ಆರಿಸುವುದಿಲ್ಲ. ಒಂದು ಬಾಳೆಹಣ್ಣು ಅಥವಾ ಒಂದು ಹಿಡಿ ಕಡಲೆಕಾಯಿ ತಿಂದ ಬಳಿಕವೇ ತೆರೆಯುವುದೆಂಬ ನಿಯಮ ಹಾಕಿಕೊಂಡರೆ ಆಯ್ಕೆ ತಾನಾಗಿ ಸುಧಾರಿಸುತ್ತದೆ. ಇನ್ನೂ ಉತ್ತಮವೆಂದರೆ ರಾತ್ರಿಯ ಊಟವನ್ನು ಸಂಜೆ ನಾಲ್ಕಕ್ಕೇ ತೀರ್ಮಾನಿಸುವುದು. ಕಾರ್ಯನಿರತರಿಗೆ ಕೊರತೆಯಿರುವುದು ಅಡುಗೆಯ ಸಮಯಕ್ಕಿಂತ ಯೋಚಿಸುವ ವ್ಯವಧಾನದ್ದು.

ರಾತ್ರಿ ಪಾಳಿಯವರು ಮುಖ್ಯ ಊಟವನ್ನು ಪಾಳಿಗೆ ಮುನ್ನ ಮುಗಿಸಿಕೊಂಡು, ನಡುರಾತ್ರಿ ಮೊಸರವಲಕ್ಕಿ, ಮೊಟ್ಟೆ, ಹಣ್ಣಿನಂಥ ಹಗುರ ಆಹಾರಕ್ಕೆ ಸೀಮಿತಗೊಳ್ಳುವುದು ಒಳಿತು. ಎರಡು ಗಂಟೆಗೆ ಎಣ್ಣೆಯ ಬಿರಿಯಾನಿ ತಿಂದು ಆರಕ್ಕೆ ಮಲಗಿದರೆ ಎದೆಯುರಿ ತಪ್ಪಿದ್ದಲ್ಲ.

ವೈದ್ಯರನ್ನು ಯಾವಾಗ ಕಾಣಬೇಕು?

ವರ್ಷಗಳಿಂದ ಹೀಗೆಯೇ ತಿನ್ನುತ್ತ ಬಂದವರು ಒಮ್ಮೆ ಹಿಮೋಗ್ಲೋಬಿನ್, ಬಿ-12 ಮತ್ತು ಮೂರು ತಿಂಗಳ ಸರಾಸರಿ ಸಕ್ಕರೆ ತೋರುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸುವುದು ವಿವೇಕ. ಹಿಮೋಗ್ಲೋಬಿನ್ ಪ್ರಮಾಣ ಗರ್ಭಿಣಿಯಲ್ಲದ ಮಹಿಳೆಯರಲ್ಲಿ 12, ಪುರುಷರಲ್ಲಿ 13 ಗ್ರಾಂಗಿಂತ ಕೆಳಗಿದ್ದರೆ ರಕ್ತಹೀನತೆ ಎಂದರ್ಥ. ಕಬ್ಬಿಣದ ಮಾತ್ರೆಯನ್ನು ಪರೀಕ್ಷೆಯಿಲ್ಲದೆ ಅಂಗಡಿಯಿಂದ ತಂದು ನುಂಗಬಾರದು. ಬಿ-12 ಕೊರತೆ ತೀವ್ರವಾಗಿದ್ದರೆ ಆಹಾರವೊಂದರಿಂದಲೇ ಅದು ನೀಗುವುದಿಲ್ಲ, ಚಿಕಿತ್ಸೆ ಬೇಕಾಗುತ್ತದೆ.

ಕೆಲವರಲ್ಲಿ ಆಯ್ದು ತಿನ್ನುವ ಗುಣ ರೂಢಿಯ ಮಿತಿಯನ್ನು ಮೀರಿರುತ್ತದೆ. ನಾಲ್ಕೈದು ಪದಾರ್ಥಗಳ ಹೊರತು ಬೇರೇನನ್ನು ಕಂಡರೂ ಓಕರಿಕೆ, ಉಸಿರುಕಟ್ಟುವ ಭಯ, ಇಳಿಯುತ್ತಿರುವ ತೂಕ, ಇತರರೊಡನೆ ಊಟಕ್ಕೆ ಕೂರಲಾಗದ ಸ್ಥಿತಿ ಇವು ಲಕ್ಷಣಗಳು. ಅಮೆರಿಕದ ಮನೋವೈದ್ಯಕೀಯ ಸಂಘವು 2013ರಲ್ಲಿ ಇದನ್ನು ಪ್ರತ್ಯೇಕ ಕಾಯಿಲೆಯಾಗಿ ತನ್ನ ಪಟ್ಟಿಗೆ ಸೇರಿಸಿತು. ತೆಳ್ಳಗಾಗುವ ಹಂಬಲಕ್ಕೂ ಇದಕ್ಕೂ ಸಂಬಂಧವಿಲ್ಲ. ಗದರಿಕೆಯಿಂದ ಇದು ಉಲ್ಬಣಿಸಬಹುದೇ ವಿನಾ ವಾಸಿಯಾಗದು. ಮನೋವೈದ್ಯರು ಮತ್ತು ಪಥ್ಯಾಹಾರ ತಜ್ಞರು ಇಬ್ಬರ ನೆರವೂ ಬೇಕು. ಭೇಟಿಗೆ ಹೋಗುವ ಮುನ್ನ ಮೂರು ದಿನ, ಅದರಲ್ಲೊಂದು ರಜಾದಿನ, ತಿಂದದ್ದು ಕುಡಿದದ್ದೆಲ್ಲವನ್ನೂ ಗಂಟೆಯ ಸಹಿತ ಬರೆದಿಟ್ಟುಕೊಂಡು ಹೋದರೆ ವೈದ್ಯರ ಅರ್ಧ ಪ್ರಶ್ನೆಗಳಿಗೆ ಅದರಲ್ಲಿಯೇ ಉತ್ತರವಿರುತ್ತದೆ.